ಮನೆಯಲ್ಲೇ ಸ್ಟ್ರಾಂಗ್‌ಮನ್ ತಾಲೀಮು: ಕಡಿಮೆ ದುಡ್ಡಿನಲ್ಲಿ ಮೊದಲ ಸಾಮಾನು ಹೊಂದಿಸುವ ಕ್ರಮ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಮನೆಯಲ್ಲೇ ಸ್ಟ್ರಾಂಗ್‌ಮನ್ ತಾಲೀಮು (ಚೀಲ, ಟೈರ್, ಕಲ್ಲಿನಂಥ ಭಾರ ಎತ್ತುವ, ಹೊತ್ತು ನಡೆಯುವ, ಎಳೆಯುವ ಕಸರತ್ತು) ಶುರು ಮಾಡುವವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಚೀಲ ಒಡೆದು ಅಂಗಳದ ತುಂಬ ಮರಳು." "ತೂಕದ ಪ್ಲೇಟ್ ತಂದೆ, ಪೈಪಿಗೆ ಹೋಗ್ತಾನೇ ಇಲ್ಲ." "ಟ್ರ್ಯಾಕ್ಟರ್ ಟೈರ್ ಬಿಟ್ಟಿ ಸಿಕ್ತು ಅಂತ ತಂದೆ, ಈಗ ಎತ್ತಲಿಕ್ಕೂ ಆಗಲ್ಲ, ಎಸೆಯಲಿಕ್ಕೂ ಆಗಲ್ಲ." ಇವರಲ್ಲಿ ಹೆಚ್ಚಿನವರಿಗೆ ದುಡ್ಡಿನ ಕೊರತೆ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿತ್ತು.

ಸರಿಯಾದ ಸರದಿ ಇದು: ಜಾಗ, ತೂಕ ನೋಡುವ ವ್ಯವಸ್ಥೆ, ಮರಳಿನ ಚೀಲ, ಪ್ಲೇಟಿನ ಅಳತೆಯ ತೀರ್ಮಾನ, ಎರಡೂ ಕೈಯಲ್ಲಿ ಹಿಡಿದು ನಡೆಯುವ ಭಾರ, ಎಳೆಯುವ ಟೈರ್, ದಪ್ಪ ಪೈಪಿನ ಬಾರ್. ಕಲ್ಲು, ಲಾಗ್ (ತಲೆಯ ಮೇಲೆ ಎತ್ತುವ ದಿಮ್ಮಿ), ಯೋಕ್ (ಹೆಗಲ ಮೇಲೆ ಹೊತ್ತು ನಡೆಯುವ ಚೌಕಟ್ಟು) ಎಲ್ಲ ಇವುಗಳ ನಂತರ.

ಯಾವ ಸಾಮಾನಿಗೆ ದುಡ್ಡು ಕೊಡುವ ಮೊದಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಸ್ವಲ್ಪ ಸ್ವಲ್ಪವಾಗಿ ಭಾರ ಕೂಡಿಸಲು ಬರುತ್ತದೆಯೇ? ಕೈ ಜಾರಿ ಬಿದ್ದರೆ ಏನು ಒಡೆಯುತ್ತದೆ? ಮಳೆಗಾಲದಲ್ಲಿ ಎಲ್ಲಿ ಇಡುತ್ತೀರಿ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಅಂಗಡಿಯಿಂದ ಸುಮ್ನೆ ವಾಪಸ್ ಬನ್ನಿ.

## ಹಂತ 1: ಮೊದಲು ನೆಲ ನೋಡಿ

ಸ್ಟ್ರಾಂಗ್‌ಮನ್ ತಾಲೀಮಿನಲ್ಲಿ ಭಾರ ಕೆಳಗೆ ಬಿದ್ದೇ ಬೀಳುತ್ತದೆ. ಅದಕ್ಕೇ ಸಾಮಾನಿಗಿಂತ ಮೊದಲು ನೆಲದ ಯೋಚನೆ ಬೇಕು. ಮಣ್ಣಿನ ಅಂಗಳ, ಹಿತ್ತಲು, ಖಾಲಿ ಸೈಟು, ಹೊಲದ ಬದಿಯ ಗಟ್ಟಿ ದಾರಿ, ಇವೇ ಒಳ್ಳೆಯ ಜಾಗ. ಉದ್ದಕ್ಕೆ 15 ರಿಂದ 20 ಮೀಟರ್ ನೇರವಾಗಿ ನಡೆಯಲು ಸಿಕ್ಕರೆ ಸಾಕು. ಅಷ್ಟಿಲ್ಲದಿದ್ದರೆ 8 ಮೀಟರಿನಲ್ಲೇ ಹೋಗಿ ತಿರುಗಿ ಬರಬಹುದು. ಆದರೆ ಭಾರ ಹಿಡಿದು ತಿರುಗುವಾಗ ಮೊಣಕಾಲು ತಿರುಚುತ್ತದೆ. ಭಾರ ಕೆಳಗಿಟ್ಟು, ತಿರುಗಿ ನಿಂತು, ಮತ್ತೆ ಎತ್ತಿ.

ಎರೆ ಮಣ್ಣಿನ ಕಡೆಯವರು ಒಂದು ವಿಷಯ ಗಮನಿಸಿ. ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ, ಪಾದ ಸಿಕ್ಕಿ ಹೊರಳುತ್ತದೆ. ಮಳೆ ಬಿದ್ದರೆ ಅಂಟು. ಒಂದು ಗಾಡಿ ಕೆಂಪು ಗರಸು ಹಾಕಿಸಿ, ನೀರು ಹೊಡೆದು ದಮ್ಮಸ್ಸು ಮಾಡಿಸಿದರೆ ವರ್ಷವಿಡೀ ನಡೆಯಬಹುದು.

ತಾರಸಿ ಮೇಲೆ ಮಾಡುತ್ತೇವೆ ಅನ್ನುವವರು ಬಹಳ. ನಮ್ಮ ದೇಶದ ಕಟ್ಟಡ ಮಾನದಂಡದ ಲೆಕ್ಕದಲ್ಲಿ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ, ಓಡಾಡುವ ತಾರಸಿ ಸುಮಾರು 150 ಕೆಜಿ ತಡೆಯುವಂತೆ ಕಟ್ಟುತ್ತಾರೆ. ಅದು ಸುಮ್ಮನೆ ಇಟ್ಟ ಭಾರದ ಲೆಕ್ಕ. ಸೊಂಟದ ಎತ್ತರದಿಂದ ಬಿದ್ದ 60 ಕೆಜಿಯ ಪೆಟ್ಟು ಬೇರೆಯೇ. ತಾರಸಿಯಲ್ಲಿ ಚೀಲ ಹೊತ್ತು ನಡೆಯಬಹುದು, ಬೀಳಿಸುವ ಹಾಗಿಲ್ಲ. ಹಳೇ ಮಾಳಿಗೆ ಮನೆಯಾದರೆ ಅದೂ ಬೇಡ. ಬಾಡಿಗೆ ಮನೆಯಾಗಿ ಕೆಳಗೆ ಮಾಲೀಕರೇ ಇದ್ದರೆ ಹೇಳುವುದೇ ಬೇಡ, ಅಲ್ವಾ?

ಟೈಲ್ಸ್ ನೆಲವಂತೂ ಯಾವ ಭಾರಕ್ಕೂ ಸಲ್ಲ. ಬೆವರು ಬಿದ್ದರೆ ಜಾರುತ್ತದೆ, ಭಾರ ಬಿದ್ದರೆ ಸೀಳುತ್ತದೆ.

## ಹಂತ 2: ತೂಕ ಹಾಕುವ ದಾರಿ ಹುಡುಕಿಕೊಳ್ಳಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಮಾಡಿದ ಸಾಮಾನಿನ ಮೇಲೆ ಭಾರ ಬರೆದಿರುವುದಿಲ್ಲ. ಕಣ್ಣಂದಾಜಿನಲ್ಲಿ "ಐವತ್ತಿರಬೇಕು" ಅಂದದ್ದು 38 ಇರುತ್ತದೆ, ಇಲ್ಲವೇ 64.

ಬ್ಯಾಗ್ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಮಾನ್ಯವಾಗಿ 50 ಕೆಜಿವರೆಗೆ ತೋರಿಸುತ್ತದೆ, ಬೆಲೆಯೂ ಕಡಿಮೆ. ಮನೆಯಲ್ಲಿ ಮೈತೂಕದ ಮಷಿನ್ ಇದ್ದರೆ ಮೊದಲು ನೀವೊಬ್ಬರೇ ನಿಂತು ನೋಡಿ, ಆಮೇಲೆ ಚೀಲ ಅಪ್ಪಿಕೊಂಡು ನಿಂತು ಕಳೆಯಿರಿ. ಅಷ್ಟು ಭಾರ ಹೊತ್ತು ಅದರ ಮೇಲೆ ಹತ್ತುವ ಮೊದಲು ಮಷಿನ್ನಿನ ಮಿತಿ ಓದಿಕೊಳ್ಳಿ, ಗಾಜಿನದ್ದಾದರೆ ಇನ್ನೂ ಜೋಪಾನ. ಟೈರಿನಂಥ ದೊಡ್ಡ ಸಾಮಾನಿಗೆ ಗುಜರಿ ಅಂಗಡಿಯ ತಕ್ಕಡಿ ಇದ್ದೇ ಇದೆ. ಕೊಳ್ಳುವಾಗಲೇ ತೂಗಿಸಿಕೊಂಡು, ಬಿಳಿ ಪೇಂಟಿನಲ್ಲಿ ಅಂಕಿ ಬರೆದುಬಿಡಿ.

## ಹಂತ 3: ಮರಳಿನ ಚೀಲ

ಒಂದೇ ಒಂದು ಸಾಮಾನಿಗೆ ದುಡ್ಡಿದ್ದರೆ ಅದು ಚೀಲಕ್ಕೆ ಹೋಗಲಿ. ನೆಲದಿಂದ ಎತ್ತಲು, ಅಪ್ಪಿಕೊಂಡು ನಡೆಯಲು, ಹೆಗಲಿಗೆ ಹಾಕಲು, ಕಟ್ಟೆ ಮೇಲೆ ಇಡಲು ಎಲ್ಲಕ್ಕೂ ಬರುತ್ತದೆ. ಕಾಲ ಮೇಲೆ ಬಿದ್ದರೂ ಕಬ್ಬಿಣದಷ್ಟು ಕೆಡುಕು ಮಾಡುವುದಿಲ್ಲ.

ಹೊರಚೀಲ. ದಾವಣಗೆರೆಯಲ್ಲಿ ಚೀಲಕ್ಕೇನು ಬರ? ಎಪಿಎಂಸಿ ಸುತ್ತ, ಅಕ್ಕಿ ಗಿರಣಿಗಳ ಹತ್ತಿರ ಹಳೇ ಗೋಣಿಚೀಲ ರಾಶಿ ರಾಶಿ. ಆದರೆ ಆರಿಸಲು ಗೊತ್ತಿರಬೇಕು. ಅಕ್ಕಿಗೆ ಬರುವ ಬಿಳಿ ಪ್ಲಾಸ್ಟಿಕ್ ನೇಯ್ಗೆಯ ಚೀಲ ಬೇಡ. ಬೆವರಿಗೆ ಜಾರುತ್ತದೆ, ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಸೆಣಬಿನ ಗೋಣಿಯೇ ಬೇಕು. ಧಾನ್ಯಕ್ಕೆ ಬಳಸುವ 50 ಕೆಜಿ ಗೋಣಿ ಸುಮಾರು 94 ಸೆಂ.ಮೀ. ಉದ್ದ, 57 ಸೆಂ.ಮೀ. ಅಗಲ ಇರುತ್ತದೆ.

ಕೊಳ್ಳುವಾಗ ಚೀಲದ ಬಾಯಿ ಅಗಲಿಸಿ, ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿ. ಹಮಾಲಿಗಳ ಕೊಕ್ಕೆ ಚುಚ್ಚಿದ ಕಡೆಯೆಲ್ಲ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಮೂಲೆಗಳಲ್ಲಿ ಇಂಥ ಚುಕ್ಕಿ ಜಾಸ್ತಿ ಇದ್ದರೆ ಪಕ್ಕಕ್ಕಿಡಿ, ಮೊದಲು ಹರಿಯುವುದು ಅಲ್ಲೇ. ಆಮೇಲೆ ಮೂಸಿ ನೋಡಿ. ಗೊಬ್ಬರದ ಅಥವಾ ಔಷಧಿಯ ವಾಸನೆ ಇದ್ದರೆ ಬೇಡ, ಅದನ್ನು ಎದೆಗೆ, ಕೆನ್ನೆಗೆ ಒತ್ತಿಕೊಂಡು ನಡೆಯುವವರು ನೀವೇ. ಒಂದರೊಳಗೊಂದು ಎರಡು ಗೋಣಿ ಹಾಕಿ.

ಇನ್ನೂ ಗಟ್ಟಿಮುಟ್ಟಾದದ್ದು ಬೇಕಾದರೆ ಲಾರಿ ಹುಡ್, ಸೀಟ್ ಕವರ್ ಹೊಲಿಯುವ ಕುಶನ್ ಅಂಗಡಿಗೆ ಹೋಗಿ. ಹೆದ್ದಾರಿ ಪಕ್ಕದ ಊರುಗಳಾದ್ದರಿಂದ ಎರಡೂ ಜಿಲ್ಲೆಯಲ್ಲಿ ಇಂಥವರಿಗೆ ಬರವಿಲ್ಲ. ಹೇಳಬೇಕಾದ್ದು ಹೀಗೆ: "ಅಣ್ಣಾ, ದಪ್ಪ ಕ್ಯಾನ್ವಾಸ್ ಬಟ್ಟೆ, ನೈಲಾನ್ ದಾರ, ಎರಡು ಸಾಲು ಹೊಲಿಗೆ. ಹೊಲಿಗೆ ಒಳಗಡೆ ಹೋಗಬೇಕು. ಬಾಯಿ ಉದ್ದ ಬಿಡಿ, ಮಡಚಿ ಕಟ್ತೀನಿ. ಹಿಡಿಕೆ ಬೇಡ." ಅವರು ರೆಕ್ಸಿನ್ ಚೆನ್ನಾಗಿರುತ್ತದೆ ಅನ್ನುತ್ತಾರೆ. ಒಪ್ಪಬೇಡಿ, ಬೆವರಿದ ಕೈಗೆ ರೆಕ್ಸಿನ್ ನಿಲ್ಲುವುದಿಲ್ಲ. ಹಿಡಿಕೆ ಬೇಡ ಅಂದರೆ ವಿಚಿತ್ರವಾಗಿ ನೋಡುತ್ತಾರೆ. ಹಿಡಿಕೆಯಿಲ್ಲದ ಚೀಲವನ್ನು ಅಪ್ಪಿ ಹಿಡಿಯುವುದೇ ಇಲ್ಲಿಯ ಕಸರತ್ತು. ಜಿಪ್ ಹಾಕಿಸಿದರೆ ಅದೇ ಮೊದಲು ಬಾಯಿಬಿಡುತ್ತದೆ.

ಒಳಚೀಲ. ಮರಳನ್ನು ನೇರವಾಗಿ ಗೋಣಿಗೆ ಸುರಿಯುವುದೇ ಎಲ್ಲರೂ ಮಾಡುವ ದೊಡ್ಡ ತಪ್ಪು. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ 5 ಕೆಜಿಯಂತೆ ತೂಗಿ ತುಂಬಿ. ಪೂರ್ತಿ ಉಬ್ಬಿಸಬೇಡಿ, ಕಾಲುಭಾಗ ಖಾಲಿ ಬಿಟ್ಟು ಗಾಳಿ ಒತ್ತಿ ತೆಗೆದು ಕಟ್ಟಿ. ಉಬ್ಬಿದ ಕವರ್ ಬಿದ್ದ ಕೂಡಲೇ ಸಿಡಿಯುತ್ತದೆ. ಅದನ್ನು ಇನ್ನೊಂದು ಕವರಿನಲ್ಲಿಟ್ಟು, ಪ್ಯಾಕಿಂಗ್ ಟೇಪನ್ನು ಅಡ್ಡ, ಉದ್ದ ಎರಡೂ ಕಡೆ ಸುತ್ತಿ. ಇಂಥ ಹತ್ತು ಕಟ್ಟು ಮಾಡಿಟ್ಟುಕೊಂಡರೆ ಒಂದೇ ಚೀಲ 20 ಕೆಜಿಯಿಂದ 50 ಕೆಜಿವರೆಗೆ ಕೆಲಸಕ್ಕೆ ಬರುತ್ತದೆ.

ಮರಳು ಒಣಗಿರಬೇಕು, ಜರಡಿ ಹಿಡಿದಿರಬೇಕು. ಮನೆ ಕಟ್ಟುವ ಜಾಗದಲ್ಲಿ ಸಿಗುವ ಎಂ-ಸ್ಯಾಂಡ್ ಆಗುತ್ತದೆ, ಆದರೆ ಅದರ ಕಾಳು ಚೂಪು, ಕವರನ್ನು ಒಳಗಿಂದ ಕೊರೆಯುತ್ತದೆ. ಅದಕ್ಕೆ ಮೂರು ಪದರ ಕವರ್ ಹಾಕಿ. ಹಸಿ ಮರಳು ಕಟ್ಟಿಟ್ಟರೆ ಬೂಸ್ಟು ಬರುತ್ತದೆ, ಒಣಗಿದ ಮೇಲೆ ತೂಕವೂ ಇಳಿಯುತ್ತದೆ. ಭತ್ತ, ಮೆಕ್ಕೆಜೋಳ ತುಂಬುವ ಉಪಾಯ ಮಾತ್ರ ಬೇಡವೇ ಬೇಡ. ಇಲಿ, ಹೆಗ್ಗಣ ರಾತ್ರೋರಾತ್ರಿ ಚೀಲದ ಲೆಕ್ಕ ಮುಗಿಸುತ್ತವೆ.

ಗಾತ್ರ. ಒಣ ಮರಳು ಲೀಟರಿಗೆ ಸುಮಾರು 1.6 ಕೆಜಿ ತೂಗುತ್ತದೆ. ಅಂದರೆ 50 ಕೆಜಿ ಮರಳಿಗೆ ಸುಮಾರು 31 ಲೀಟರ್ ಜಾಗ ಸಾಕು, ಗೋಣಿ ಅರ್ಧಕ್ಕೂ ತುಂಬುವುದಿಲ್ಲ. ಹಾಗೇ ಬಿಟ್ಟರೆ ಚೀಲ ಕೈಯಲ್ಲಿ ಜೋಲಾಡುತ್ತದೆ, ಹೊಸಬರಿಗೆ ಹಿಡಿತವೇ ಸಿಗುವುದಿಲ್ಲ. ಗಿರಣಿಯಲ್ಲಿ ಸಿಗುವ ಭತ್ತದ ಹೊಟ್ಟನ್ನು ಬೇರೆ ಕವರುಗಳಲ್ಲಿ ಬಿಗಿಯಾಗಿ ತುಂಬಿ, ಮರಳಿನ ಕಟ್ಟುಗಳ ಸುತ್ತ ಒತ್ತಿಡಿ. ಚೀಲ ದುಂಡಗಾಗುತ್ತದೆ, ತೂಕ ಹೆಚ್ಚೇನೂ ಏರುವುದಿಲ್ಲ. ಹೊಟ್ಟನ್ನು ಮರಳಿಗೇ ಬೆರೆಸಿದರೆ ನಾಲ್ಕು ದಿನದಲ್ಲಿ ಮರಳೆಲ್ಲ ಕೆಳಗೆ, ಹೊಟ್ಟೆಲ್ಲ ಮೇಲೆ.

ಎಷ್ಟು ಭಾರದಿಂದ ಶುರು? ಆರೋಗ್ಯವಂತ 70 ಕೆಜಿಯ ಗಂಡಸಿಗೆ 30 ಕೆಜಿ, ಹೆಣ್ಣುಮಕ್ಕಳಿಗೆ 15 ರಿಂದ 20 ಕೆಜಿ ಸರಿಯಾದ ಆರಂಭ. ಹೊಲದ ಕೆಲಸ ಮಾಡಿ ಗಟ್ಟಿಯಾದವರಿಗೆ ಇದು ಹಗುರ ಅನ್ನಿಸಬಹುದು. ಪರೀಕ್ಷೆ ಹೀಗೆ: ನೆಲದಿಂದ ಐದು ಸಲ ಎತ್ತಿ ಎದೆಗೆ ಅಪ್ಪಿಕೊಂಡು ನಿಲ್ಲಬೇಕು, ಐದನೆಯ ಸಲವೂ ಬೆನ್ನು ಮೊದಲಿನ ಹಾಗೇ ಇರಬೇಕು. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದು ನೋಡಿ. ಸೊಂಟದ ಹತ್ತಿರ ಬೆನ್ನು ಬಾಗಿ ಬಿಲ್ಲಾಗುತ್ತಿದ್ದರೆ ಎರಡು ಕಟ್ಟು ಹೊರಗೆ ತೆಗೆಯಿರಿ.

ಒಂದು ಮಾತು: ಹಮಾಲಿಗಳು ಎತ್ತುವ ರೀತಿ ನೋಡಿ ಕಲಿಯಲು ಹೋಗಬೇಡಿ. ಅವರಿಗೆ ಸಾಮಾನ್ಯವಾಗಿ ಚೀಲವನ್ನು ಇನ್ನಿಬ್ಬರು ಬೆನ್ನಿಗೆ ಏರಿಸಿಕೊಡುತ್ತಾರೆ, ನೀವು ಒಬ್ಬರೇ ನೆಲದಿಂದ ಎತ್ತುತ್ತೀರಿ. ಚೀಲವನ್ನು ಎರಡು ಪಾದದ ನಡುವೆ ಇಟ್ಟುಕೊಳ್ಳಿ, ಕೆಳಗೆ ಕೈ ತೂರಿಸಿ ತೊಡೆಯ ಮೇಲೆ ಎಳೆದುಕೊಳ್ಳಿ, ಅಲ್ಲಿ ಹಿಡಿತ ಬದಲಿಸಿ ಎದ್ದು ನಿಲ್ಲಿ.

## ಹಂತ 4: ಪ್ಲೇಟಿನ ತೂತು, ಒಂದೇ ಸಲ ತೀರ್ಮಾನಿಸಿ

ಮುಂದಿನ ಎಲ್ಲ ಖರ್ಚೂ ಇದರ ಮೇಲೆ ನಿಂತಿದೆ. ಮಾರುಕಟ್ಟೆಯಲ್ಲಿ ಎರಡು ಥರ ಪ್ಲೇಟ್ ಸಿಗುತ್ತವೆ. ಮನೆಯ ಜಿಮ್ ಸೆಟ್ಟಿನ ಅಗ್ಗದ ಪ್ಲೇಟುಗಳ ತೂತು 28 ರಿಂದ 30 ಮಿ.ಮೀ. ಒಲಿಂಪಿಕ್ ಪ್ಲೇಟುಗಳದ್ದು 50 ಮಿ.ಮೀ. ಒಂದರ ಬಾರಿಗೆ ಇನ್ನೊಂದು ಕೂರುವುದಿಲ್ಲ. ಸಣ್ಣ ತೂತಿನವು ದಪ್ಪ ಪೈಪಿಗೆ ಹೋಗುವುದೇ ಇಲ್ಲ, ದೊಡ್ಡ ತೂತಿನವು ತೆಳು ಬಾರಿನ ಮೇಲೆ ಗಲಗಲ ಅಲ್ಲಾಡುತ್ತವೆ.

ನನ್ನ ಸಲಹೆ 50 ಮಿ.ಮೀ. ಕಾರಣ ಇದು. ಹಾರ್ಡ್‌ವೇರ್ ಅಂಗಡಿಯಲ್ಲಿ "ಒಂದೂವರೆ ಇಂಚಿನ ಪೈಪ್" ಅಂತ ಕೇಳಿದರೆ ಕೊಡುವ ಪೈಪಿನ ಹೊರಸುತ್ತಿನ ಅಡ್ಡಳತೆ 48.3 ಮಿ.ಮೀ. ಒಂದೂವರೆ ಇಂಚು ಅನ್ನುವುದು ಒಳಗಿನ ಅಳತೆಯ ಅಂದಾಜು ಹೆಸರು ಅಷ್ಟೇ. ಈ ಪೈಪು ಒಲಿಂಪಿಕ್ ಪ್ಲೇಟಿನ ತೂತಿಗೆ ಸರಿಯಾಗಿ ಕೂರುತ್ತದೆ. ಸ್ಪರ್ಧೆಗಳಲ್ಲಿ ಬಳಸುವ ಆಕ್ಸಲ್ ಅನ್ನುವ ದಪ್ಪ ಬಾರಿನ ಅಳತೆಯೂ ಇಷ್ಟರ ಆಸುಪಾಸೇ. ಕೈಗೆ ಹಿಡಿಯುವ ಭಾರ, ದಪ್ಪ ಬಾರ್ ಎರಡಕ್ಕೂ ಒಂದೇ ಪ್ಲೇಟ್ ಸಾಕು.

ಎಷ್ಟು ಬೇಕು? 10 ಕೆಜಿಯ ನಾಲ್ಕು, 5 ಕೆಜಿಯ ನಾಲ್ಕು. ಒಟ್ಟು 60 ಕೆಜಿ. ಬಣ್ಣದ ರಬ್ಬರ್ ಪ್ಲೇಟ್ ಚೆಂದ ಕಾಣುತ್ತದೆ, ಆದರೆ ಮಣ್ಣಿನ ನೆಲಕ್ಕೆ ಬೀಡು ಕಬ್ಬಿಣದ ಪ್ಲೇಟೇ ಸಾಕು. ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಪ್ಲೇಟ್ ಬೇಡ. ಬಿದ್ದಾಗ ಹೊರಗೆ ಗೊತ್ತಾಗದ ಹಾಗೆ ಒಳಗೇ ಒಡೆಯುತ್ತದೆ, ಆಮೇಲೆ ಅಲ್ಲಾಡಿಸಿದರೆ ಒಳಗೆ ಪುಡಿ ಸದ್ದು ಮಾಡುತ್ತದೆ.

ಅಂಗಡಿಗೆ ಹೋಗುವಾಗ ಅದೇ ಪೈಪಿನ ಒಂದು ಗೇಣಿನ ತುಂಡು ಜೇಬಿನಲ್ಲಿರಲಿ. ಪ್ರತಿ ಪ್ಲೇಟನ್ನೂ ತೂರಿಸಿ ನೋಡಿ. ಬೀಡಿನ ಪ್ಲೇಟಿನ ತೂತಿನಲ್ಲಿ ಎರಕದ ಗಂಟು ಉಳಿದಿದ್ದರೆ ಹೋಗುವುದಿಲ್ಲ. ತಕ್ಕಡಿಗೂ ಇಡಿಸಿ. 10 ಎಂದು ಬರೆದದ್ದು ಒಂಬತ್ತೂಚಿಲ್ಲರೆ ಬಂದರೆ, ದುಡ್ಡು ಕೆಜಿ ಲೆಕ್ಕದಲ್ಲೇ ಕೊಡಿ.

## ಹಂತ 5: ಎರಡೂ ಕೈಯಲ್ಲಿ ಹಿಡಿದು ನಡೆಯುವುದು

ಫಾರ್ಮರ್ಸ್ ವಾಕ್ ಅನ್ನುವುದು ಇದಕ್ಕೇ. ಮೊದಲ ಕೆಲವು ವಾರಕ್ಕೆ ಏನನ್ನೂ ಮಾಡಿಸಬೇಕಾಗಿಲ್ಲ, 20 ಲೀಟರಿನ ಎರಡು ಗಟ್ಟಿ ಕ್ಯಾನ್ ಸಾಕು. ನೀರು ತುಂಬಿದರೆ ಒಂದಕ್ಕೆ 20 ಕೆಜಿ, ಒಣ ಮರಳಾದರೆ ಸುಮಾರು 32 ಕೆಜಿ. ಅರ್ಧ ಕ್ಯಾನ್ ನೀರು ಮಾತ್ರ ಬೇಡ, ಅದು ಕುಲುಕಿ ನಿಮ್ಮನ್ನು ಅತ್ತಿತ್ತ ಎಳೆಯುತ್ತದೆ.

ಪೇಂಟಿನ ಬಕೆಟ್ ಬೇಡ. ಅದರ ಹಿಡಿಕೆ ಅಂಗಡಿಯಿಂದ ಮನೆಗೆ ತರುವಷ್ಟಕ್ಕೆ ಮಾಡಿದ್ದು. ಮರಳು ತುಂಬಿ ನಡೆದರೆ ಕಿವಿ ಕಿತ್ತು ಪಾದದ ಮೇಲೆ ಬೀಳುತ್ತದೆ. ಕ್ಯಾನಿನಲ್ಲೂ ಹಿಡಿಕೆಯ ಬುಡ ದಿನಾ ನೋಡಿ. ಪ್ಲಾಸ್ಟಿಕ್ ಅಲ್ಲಿ ಬೆಳ್ಳಗೆ ತಿರುಗಿದೆಯೆಂದರೆ ಸೀಳಲು ಶುರುವಾಗಿದೆ ಅಂತ ಅರ್ಥ.

ಕೈಗೆ 30 ಕೆಜಿ ಹಿಡಿದು 20 ಮೀಟರ್ ಆರಾಮಾಗಿ ನಡೆಯಲು ಬಂದ ಮೇಲೆ, ಪ್ಲೇಟ್ ಹಾಕಿ ಎತ್ತುವ ಎರಡು ಕಬ್ಬಿಣದ ಹಿಡಿಕೆ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋಗಿ. ಬರೀ ಬಾಯಲ್ಲಿ ಹೇಳಿದರೆ ಗೇಟು, ಗ್ರಿಲ್ಲು ಮಾಡುವವರಿಗೆ ಅರ್ಥವಾಗುವುದಿಲ್ಲ. ಕಾಗದದಲ್ಲಿ ಚಿತ್ರ ಬರೆದು ಅಳತೆ ಹಾಕಿಕೊಂಡು ಹೋಗಿ. ಒಂದು ಹಿಡಿಕೆಗೆ ಬೇಕಾದ್ದು:

1. ಕೆಳಗಿನ ಉದ್ದ ಪೈಪು: ಒಂದೂವರೆ ಇಂಚಿನದ್ದು, 150 ಸೆಂ.ಮೀ.

2. ಕಾಲುಗಳು: ಮಧ್ಯದಿಂದ ಎರಡೂ ಕಡೆ 40 ಸೆಂ.ಮೀ. ದೂರದಲ್ಲಿ. ಉದ್ದ ಪೈಪು ನೆಲದಿಂದ 20 ಸೆಂ.ಮೀ. ಮೇಲೆ ನಿಲ್ಲಬೇಕು. ಕಾಲಿನ ಕೆಳಗಿನ ಅಡ್ಡಪಟ್ಟಿ ನಿಮ್ಮ ಕಡೆಗೆ 8 ಸೆಂ.ಮೀ.ಗಿಂತ ಜಾಸ್ತಿ ಚಾಚಬಾರದು, ನಡೆಯುವಾಗ ಮೀನಖಂಡಕ್ಕೆ ಬಡಿಯುತ್ತದೆ.

3. ತಡೆ ಬಳೆ: ಮಧ್ಯದಿಂದ 45 ಸೆಂ.ಮೀ.ಗೆ, ಪ್ಲೇಟ್ ಒಳಗೆ ಜಾರದ ಹಾಗೆ. ಅದರಾಚೆ 30 ಸೆಂ.ಮೀ. ಪ್ಲೇಟಿಗೆ ಉಳಿಯುತ್ತದೆ.

4. ಹಿಡಿಯುವ ಪೈಪು: ಉದ್ದ ಪೈಪಿನ ನೇರ ಮೇಲೆ, 22 ಸೆಂ.ಮೀ. ಎತ್ತರಕ್ಕೆ. ಒಂದು ಇಂಚಿನ ಪೈಪು ಹಾಕಿಸಿ, ಅದರ ಹೊರಸುತ್ತಿನ ಅಡ್ಡಳತೆ 33.7 ಮಿ.ಮೀ. ಸಣ್ಣ ಕೈಯವರಿಗೆ ಮುಕ್ಕಾಲು ಇಂಚಿನದ್ದು, 26.9 ಮಿ.ಮೀ.

5. ಹಿಡಿಯುವ ಜಾಗದ ಒಳ ಅಗಲ: 15 ಸೆಂ.ಮೀ.ಗಿಂತ ಕಡಿಮೆ ಬೇಡ. ಕಡಿಮೆಯಾದರೆ ಗೆಣ್ಣು ಸವೆಯುತ್ತದೆ.

ಪೈಪು ಕೊಳ್ಳುವಾಗ ಎರಡು ಎಚ್ಚರ. ಒಂದು, ನೀರಿನ ಲೈನಿಗೆ ಬಳಸುವ ಜಿಐ ಪೈಪು ತರಬೇಡಿ, ಲೇಪವಿಲ್ಲದ ಕಪ್ಪು ಎಂ.ಎಸ್. (ಸಾದಾ ಉಕ್ಕಿನ) ಪೈಪು ತನ್ನಿ. ಜಿಐ ಮೇಲಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಜಿಐ ಬಿಟ್ಟರೆ ಬೇರೆ ಸಿಗಲಿಲ್ಲವೆಂದರೆ ವೆಲ್ಡ್ ಮಾಡುವ ಜಾಗದ ಲೇಪವನ್ನು ಮೊದಲು ಗ್ರೈಂಡರ್ ಹಿಡಿದು ತೆಗೆಸಿ. ಎರಡು, ದಪ್ಪ. ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿ: ಹಳದಿ ಅಂದರೆ ತೆಳು ಎ ಕ್ಲಾಸ್, ನೀಲಿ ಅಂದರೆ ಬಿ, ಕೆಂಪು ಅಂದರೆ ದಪ್ಪ ಸಿ ಕ್ಲಾಸ್. ಕೆಂಪು ಪಟ್ಟಿಯದ್ದೇ ತನ್ನಿ. ಗುಜರಿಯಲ್ಲಿ ಪಟ್ಟಿ ಅಳಿಸಿಹೋಗಿದ್ದರೆ ಕತ್ತರಿಸಿದ ಬಾಯಿ ನೋಡಿ, ಗೋಡೆ 4 ಮಿ.ಮೀ. ಇರಬೇಕು.

ವೆಲ್ಡಿಂಗ್ ಆಗುವಾಗ ಅಲ್ಲೇ ನಿಲ್ಲಿ. ನಾಲ್ಕು ಕಡೆ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹೊಡೆದು ಪೇಂಟ್ ಬಳಿದು ಕೊಡುವವರಿದ್ದಾರೆ. "ಸುತ್ತಲೂ ಫುಲ್ ವೆಲ್ಡ್ ಮಾಡಿ ಅಣ್ಣಾ, ಪೇಂಟ್ ನಾನೇ ಹೊಡ್ಕೋತೀನಿ" ಅನ್ನಿ. ಪೇಂಟಿಲ್ಲದ ವೆಲ್ಡಿಂಗ್ ಕಣ್ಣಿಗೆ ಕಾಣುತ್ತದೆ. ಮನೆಗೆ ತರುವ ಮೊದಲು ಪ್ಲೇಟ್ ಹಾಕದೆ ಒಂದು ಬೆರಳಿನ ಮೇಲೆ ಹಿಡಿಕೆಯ ಮಧ್ಯವನ್ನು ತೂಗಿ ನೋಡಿ. ಒಂದು ಕಡೆ ವಾಲಿದರೆ ಅಲ್ಲೇ ವಾಪಸ್ ಕೊಡಿ. ಖಾಲಿ ಇದ್ದಾಗ ಬೆರಳಷ್ಟು ವಾಲಿದ್ದು ಭಾರ ಹಾಕಿದಾಗ ಮಣಿಕಟ್ಟನ್ನೇ ತಿರುಚುತ್ತದೆ.

ಖಾಲಿ ಹಿಡಿಕೆ ಸುಮಾರು 10 ಕೆಜಿ ಆಗುತ್ತದೆ. ನಿಮ್ಮ ಪ್ಲೇಟುಗಳನ್ನು ಸಮನಾಗಿ ಹಂಚಿದರೆ ಕೈಗೊಂದು 40 ಕೆಜಿ.

## ಹಂತ 6: ಎಳೆಯುವ ಟೈರ್

ಪಂಕ್ಚರ್ ಅಂಗಡಿಯವರನ್ನು ಕೇಳಿದರೆ ಹಳೇ ಕಾರಿನ ಟೈರ್ ಚಿಲ್ಲರೆ ದುಡ್ಡಿಗೆ, ಕೆಲವೊಮ್ಮೆ ಬಿಟ್ಟಿಯಾಗಿಯೇ ಸಿಗುತ್ತದೆ. ಅದಕ್ಕೆ ಹಗ್ಗ ಕಟ್ಟಿ, ಒಳಗೆ ಮರಳಿನ ಚೀಲ ಕೂರಿಸಿದರೆ ಸ್ಲೆಡ್ (ನೆಲದ ಮೇಲೆ ಎಳೆಯುವ ಭಾರ) ರೆಡಿ. ಗುಜರಿ ಕಾರಿನ ಸೀಟ್ ಬೆಲ್ಟನ್ನು ಕುಶನ್ ಅಂಗಡಿಯಲ್ಲಿ ಹೊಲಿಸಿ ಸೊಂಟಪಟ್ಟಿ ಮಾಡಿಕೊಳ್ಳಿ. ಹಗ್ಗವನ್ನು ನೇರ ಸೊಂಟಕ್ಕೆ ಕಟ್ಟಿಕೊಂಡರೆ ಚರ್ಮ ಸುಲಿಯುತ್ತದೆ.

ಟೈರನ್ನು ಹಿಂದುಹಿಂದಕ್ಕೆ ನಡೆಯುತ್ತ ಎಳೆಯಿರಿ, ಕುಳಿತು ಹಗ್ಗವನ್ನು ಕೈಯಿಂದ ಕೈಗೆ ಎಳೆದುಕೊಳ್ಳಿ. ಕೈಯಲ್ಲಿ ಎಳೆಯಲು ಹಗ್ಗ ಹೆಬ್ಬೆರಳಿನಷ್ಟು ದಪ್ಪ ಇರಲಿ. ಮಣ್ಣಿನ ಮೇಲಿನ 40 ಕೆಜಿಗೂ ಸಿಮೆಂಟಿನ ಮೇಲಿನ 40 ಕೆಜಿಗೂ ಬಹಳ ವ್ಯತ್ಯಾಸ. ಒಂದೇ ಜಾಗದಲ್ಲಿ ಮಾಡಿದರೆ ಮಾತ್ರ ಮುಂದುವರಿದಿದ್ದೀರಾ ಇಲ್ಲವಾ ಗೊತ್ತಾಗುತ್ತದೆ.

ದೊಡ್ಡ ಟೈರ್ ಮಗುಚುವ ಆಸೆ ಎಲ್ಲರಿಗೂ. ಬೇಡ ಅನ್ನುವುದೇ ನನ್ನ ಮಾತು. ಲಾರಿ ಟೈರೇ 50 ಕೆಜಿ ದಾಟುವುದು ಸಾಮಾನ್ಯ, ಜೆಸಿಬಿ, ಟ್ರ್ಯಾಕ್ಟರಿನ ಹಿಂದಿನ ಟೈರ್ ಅದಕ್ಕಿಂತ ಬಹಳ ಭಾರ. ಅದಕ್ಕೆ ಭಾರ ಕೂಡಿಸುವುದೂ ಕಷ್ಟ, ಕಳೆಯುವುದೂ ಕಷ್ಟ. ಹೊಸಬರು ಅದನ್ನು ಕೈ ಮಡಚಿ ಕೀಳಲು ನೋಡುತ್ತಾರೆ, ಮೇಲ್ತೋಳಿನ ಮುಂದಿನ ಸ್ನಾಯು (ಬೈಸೆಪ್ಸ್) ಕಿತ್ತುಬರುವುದು ಆಗಲೇ.

ಯಾವ ಟೈರ್ ತಂದರೂ ಅಡಿಭಾಗದಲ್ಲಿ ನಾಲ್ಕು ಕಡೆ ಡ್ರಿಲ್ ಹಾಕಿಸಿ. ಡೆಂಗಿ ಸೊಳ್ಳೆಗೆ ಟೈರಿನ ನೀರೆಂದರೆ ಬಲು ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಪಕ್ಕದ ಮನೆಯವರ ಬೈಗುಳಕ್ಕಿಂತ ಮೊದಲು ಆಶಾ ಕಾರ್ಯಕರ್ತೆಯೇ ಬಂದು ಬುದ್ಧಿ ಹೇಳಿ ಹೋಗುತ್ತಾರೆ.

## ಹಂತ 7: ದಪ್ಪ ಬಾರ್

ಅದೇ ಒಂದೂವರೆ ಇಂಚಿನ ಸಿ ಕ್ಲಾಸ್ ಪೈಪು, 7 ಅಡಿ ಉದ್ದ. ಮೀಟರಿಗೆ ಸುಮಾರು 4.4 ಕೆಜಿಯಂತೆ ಬಾರ್ 9 ಕೆಜಿ ಚಿಲ್ಲರೆ ಆಗುತ್ತದೆ. ಇದಕ್ಕೆ ವೆಲ್ಡಿಂಗ್ ಬೇಕಿಲ್ಲ, ಆದ್ದರಿಂದ ಜಿಐ ಆದರೂ ನಡೆಯುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಎರಡೂ ಕಡೆ ಪ್ಲೇಟಿನ ಒಳಗೂ ಹೊರಗೂ ಯು-ಬೋಲ್ಟ್ ಬಿಗಿಯಿರಿ. ಜಿಮ್ಮಿನ ಸ್ಪ್ರಿಂಗ್ ಕ್ಲಿಪ್ 50 ಮಿ.ಮೀ. ಬಾರಿಗೆ ಮಾಡಿದ್ದು, ಈ ಪೈಪಿನ ಮೇಲೆ ಜಾರುತ್ತದೆ. ಒಂದು ಕಡೆಯ ಪ್ಲೇಟ್ ಜಾರಿ ಬಿದ್ದರೆ ಇನ್ನೊಂದು ಕಡೆ ಏತದ ಹಾಗೆ ಮೇಲೇಳುತ್ತದೆ, ಪಕ್ಕದಲ್ಲಿ ನಿಂತವರ ಮುಖಕ್ಕೇ ಬರುತ್ತದೆ. ತಾಲೀಮಿನ ಹೊತ್ತಿನಲ್ಲಿ ಮಕ್ಕಳು ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.

ಇದರಲ್ಲಿ ನೆಲದಿಂದ ಎತ್ತುವುದು, ತಲೆಯ ಮೇಲಕ್ಕೆ ಎತ್ತುವುದು ಎರಡನ್ನೂ ಕಲಿಯಬಹುದು. ಒಂದು ಅಂಗೈ ಒಳಗೆ, ಒಂದು ಹೊರಗೆ ಮಾಡಿ ಹಿಡಿಯಬೇಡಿ. ಎರಡೂ ಅಂಗೈ ನಿಮ್ಮ ಕಡೆಗೇ ಇರಲಿ. ಹಿಡಿತ ಸೋತರೆ ಅದೇ ನಿಮ್ಮ ಇವತ್ತಿನ ಮಿತಿ.

ವಾರಕ್ಕೊಮ್ಮೆ ಬರಿ ಪೈಪನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಉರುಳಿಸಿ. ಎಲ್ಲೂ ಎಗರದೆ ಉರುಳಿದರೆ ನೆಟ್ಟಗಿದೆ. ತಡೆದು ತಡೆದು ಉರುಳಿದರೆ ಬಾಗಿದೆ. ಬಾಗಿದ್ದನ್ನು ತಲೆಯ ಮೇಲೆ ಎತ್ತಬೇಡಿ.

## ಜೊತೆಗೆ ಬೇಕಾದ ಚಿಲ್ಲರೆ ಸಾಮಾನು

ಅಡಿ ಚಪ್ಪಟೆಯಾದ ಕ್ಯಾನ್ವಾಸ್ ಶೂ ಸಾಕು. ಮೆತ್ತನೆ ರನ್ನಿಂಗ್ ಶೂ ಭಾರದ ಅಡಿಯಲ್ಲಿ ವಾಲುತ್ತದೆ, ಚಪ್ಪಲಿಯಂತೂ ಬೇಡ. ಕೈಗೆ ಹಚ್ಚುವ ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಶಾಲೆಯ ಚಾಕ್‌ಪೀಸ್ ಪುಡಿ ಮಾಡಿ ಹಚ್ಚಿದರೆ ಬೆವರು ಹೀರುವುದಿಲ್ಲ, ಇನ್ನೂ ಜಾರುತ್ತದೆ. ಚರ್ಮದ ಬೆಲ್ಟ್ ಆರು ತಿಂಗಳು ಕಾಯಬಹುದು.

ಇರುವ ದುಡ್ಡಿನಲ್ಲಿ ಅರ್ಧದಷ್ಟು ಪ್ಲೇಟಿಗೇ ಹೋಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ವೆಲ್ಡಿಂಗ್ ಹಿಡಿಕೆಗೆ. ಚೀಲ, ಟೈರ್, ಹಗ್ಗ ಎಲ್ಲ ಸೇರಿ ಅದಕ್ಕಿಂತ ಕಡಿಮೆ. ಆದ್ದರಿಂದ ಮೊದಲ ತಿಂಗಳು ಚೀಲ, ಕ್ಯಾನ್, ಟೈರಿನಲ್ಲಿ ನಡೆಸಿ. ಆಸಕ್ತಿ ಉಳಿದಿದ್ದರೆ ಮಾತ್ರ ಪ್ಲೇಟಿಗೆ ಕೈ ಹಾಕಿ.

## ನಿಲ್ಲಿಸಬೇಕಾದ ಸೂಚನೆಗಳು

ಮರುದಿನದ ಮೈಕೈ ನೋವು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಸೊಂಟದಿಂದ ಕಾಲಿಗೆ ಇಳಿಯುವ ಜೋಮು ಅಥವಾ ಉರಿ, ತೊಡೆಸಂದಿಯಲ್ಲಿ ಗಂಟು ಉಬ್ಬುವುದು, ತೋಳಿನಲ್ಲಿ ಪಟ್ ಎಂದು ಸದ್ದಾಗಿ ಆಮೇಲೆ ಕಂದುವುದು, ಎತ್ತುವಾಗ ಕಣ್ಣು ಕತ್ತಲೆ ಬರುವುದು, ಇವು ಹಾಗಲ್ಲ. ಅಂದೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು ಶುರು ಮಾಡುವ ಮೊದಲೇ ಕೇಳಿಕೊಳ್ಳಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ. ಬಿಸಿಲಲ್ಲಿ ಕಾದ ಕಬ್ಬಿಣ ಅಂಗೈ ಸುಡುತ್ತದೆ.

## ಹಂತ 8: ಕಲ್ಲು, ಲಾಗ್, ಯೋಕ್ ಯಾವಾಗ?

ಚಿತ್ರದುರ್ಗದವರಿಗೆ ಕಲ್ಲು ಕಣ್ಣೆದುರೇ ಇರುತ್ತದೆ, ಊರ ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವುದನ್ನು ನೋಡಿ ಬೆಳೆದವರು. ಆದರೆ ಕಲ್ಲು ಚೀಲದ ಹಾಗೆ ಬಗ್ಗುವುದಿಲ್ಲ, ಬೆರಳು ಅಡಿಯಲ್ಲಿ ಸಿಕ್ಕರೆ ಜಜ್ಜಿಹೋಗುತ್ತದೆ. ಎತ್ತಬೇಕೆಂದಿರುವ ಕಲ್ಲಿಗಿಂತ ಕಾಲುಪಾಲು ಜಾಸ್ತಿ ತೂಕದ ಚೀಲ ಹೆಗಲಿಗೆ ಏರಿದ ಮೇಲೆ ಕಲ್ಲಿಗೆ ಕೈ ಹಚ್ಚಿ.

ಗಾತ್ರ ನೋಡಿ ಮೋಸ ಹೋಗಬೇಡಿ. ದುಂಡು ಕಾಂಕ್ರೀಟ್ ಗುಂಡು 10 ಇಂಚು ಅಡ್ಡಳತೆಗೆ ಸುಮಾರು 20 ಕೆಜಿ, 12 ಇಂಚಿಗೆ 35, 14 ಇಂಚಿಗೆ 56, 16 ಇಂಚಿಗೆ 84 ಕೆಜಿ. ಎರಡೇ ಇಂಚಿಗೆ ಎಷ್ಟು ಏರಿತು ನೋಡಿ. ಅದೇ ಗಾತ್ರದ ಗ್ರಾನೈಟ್ ಇನ್ನೂ ಹತ್ತರಲ್ಲೊಂದು ಪಾಲು ಜಾಸ್ತಿ ತೂಗುತ್ತದೆ. ಕ್ವಾರಿಯಿಂದ ತಂದ ಒಡೆದ ಕಲ್ಲಿನ ಅಂಚು ಮುಂಗೈ ಕೊಯ್ಯುತ್ತದೆ, ಅಂಚು ಕೆತ್ತಿಸಿ ದುಂಡು ಮಾಡಿಸಿಕೊಳ್ಳಿ. ಕೋಟೆಯ ಆವರಣದಿಂದ ಒಂದು ಕಲ್ಲನ್ನೂ ತರುವ ಹಾಗಿಲ್ಲ, ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಲಾಗ್ ಮತ್ತು ಯೋಕ್ ಎರಡೂ ವೆಲ್ಡಿಂಗ್ ಖರ್ಚಿನ ಸಾಮಾನು, ಇಡಲು ಜಾಗವೂ ಬಹಳ ಬೇಕು. ದಪ್ಪ ಬಾರಿನಲ್ಲಿ ನಿಮ್ಮ ಮೈತೂಕದ ಅರ್ಧದಷ್ಟನ್ನು ತಲೆಯ ಮೇಲೆ ಐದು ಸಲ ಎತ್ತುವವರೆಗೆ ಲಾಗ್ ಬೇಡ. ಆಗಲೂ ಮರದ ದಿಮ್ಮಿ ಕೊರೆಸಬೇಡಿ. ನಮ್ಮ ಕಡೆಯ ಬಿಸಿಲಿಗೆ ಮರ ಸೀಳು ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ತೂಕ ಏರುತ್ತದೆ. ಕಬ್ಬಿಣದ ದಪ್ಪ ಪೈಪಿನಲ್ಲೇ ಮಾಡಿಸಿ, ಎರಡೂ ತುದಿಗೆ ಅದೇ ಒಂದೂವರೆ ಇಂಚಿನ ಪೈಪು ಬೆಸೆಯಲು ಹೇಳಿ. ನಿಮ್ಮ ಹತ್ತಿರ ಇರುವ ಪ್ಲೇಟುಗಳೇ ಅದಕ್ಕೂ ಕೂರುತ್ತವೆ.